ನಾಲ್ಕು ಡಿಗ್ರಿ ಎಡಕ್ಕೆ: ಆಂಡ್ರಿಯಾ ಡೋರಿಯಾ–ಸ್ಟಾಕ್‌ಹೋಮ್ ಡಿಕ್ಕಿಯ ಪ್ರಕರಣ ಅಧ್ಯಯನ

1956ರ ಜುಲೈ 25, ರಾತ್ರಿ 11 ಗಂಟೆ 5 ನಿಮಿಷ. ಅಮೆರಿಕದ ನಾಂಟಕೆಟ್ ದ್ವೀಪದ ದಕ್ಷಿಣಕ್ಕೆ, ಅಟ್ಲಾಂಟಿಕ್ ಸಾಗರದ ದಟ್ಟ ಮಂಜಿನಲ್ಲಿ ಇಟಲಿಯ ಪ್ರಯಾಣಿಕ ಹಡಗು ಆಂಡ್ರಿಯಾ ಡೋರಿಯಾ ನ್ಯೂಯಾರ್ಕ್ ಕಡೆ ಓಡುತ್ತಿತ್ತು. ಎದುರಿಗೆ ಮೂರೂವರೆ ಮೈಲಿ ದೂರದಲ್ಲಿ ಇನ್ನೊಂದು ಹಡಗು ಬರುತ್ತಿರುವುದು ರೇಡಾರ್‌ನಲ್ಲಿ ಕಾಣುತ್ತಿತ್ತು. ಕಣ್ಣಿಗೆ ಮಾತ್ರ ಏನೂ ಕಾಣುತ್ತಿರಲಿಲ್ಲ. ಕ್ಯಾಪ್ಟನ್ ಪಿಯೆರೋ ಕಲಾಮಾಯಿ ಚುಕ್ಕಾಣಿ ಹಿಡಿದವನಿಗೆ ಆದೇಶ ಕೊಟ್ಟರು: ನಾಲ್ಕು ಡಿಗ್ರಿ ಎಡಕ್ಕೆ, ಬಲಕ್ಕೆ ಸ್ವಲ್ಪವೂ ಹೋಗಬಾರದು.

ಐದು ನಿಮಿಷ ಕಳೆಯಿತು. ಸ್ವೀಡನ್‌ನ ಸ್ಟಾಕ್‌ಹೋಮ್ ಹಡಗಿನ ಮೂತಿ ಡೋರಿಯಾದ ಬಲ ಮಗ್ಗುಲಿಗೆ, ಬ್ರಿಡ್ಜ್‌ನ (ಹಡಗನ್ನು ನಡೆಸುವ ಮೇಲಿನ ಕೋಣೆಯ) ಕೆಳಗೇ, ನೇರವಾಗಿ ನುಗ್ಗಿತು. 51 ಜನ ಸತ್ತರು. ಮರುದಿನ ಬೆಳಿಗ್ಗೆ 10 ಗಂಟೆ 9 ನಿಮಿಷಕ್ಕೆ ಡೋರಿಯಾ ಮುಳುಗಿತು.

ಈ ಅಪಘಾತದ ಬಗ್ಗೆ ಮಾತು ಬಂದಾಗಲೆಲ್ಲ ಜನ ಕೇಳುವುದು ತಪ್ಪು ಯಾರದು ಅಂತ. ನನಗೆ ಅದಕ್ಕಿಂತ ಜಾಸ್ತಿ ಕಾಡುವುದು ಆ ನಾಲ್ಕು ಡಿಗ್ರಿ. ಎದುರಿನವನಿಗೆ ಕಾಣಿಸದಷ್ಟು ಚಿಕ್ಕ ತಿರುವು ಸಮುದ್ರದಲ್ಲಿ ಎಷ್ಟು ಅಪಾಯಕಾರಿ ಅನ್ನುವುದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಇನ್ನೊಂದು ಪ್ರಕರಣ ನನಗೆ ಗೊತ್ತಿಲ್ಲ. ಹಾಗಾಗಿ ಇಡೀ ಕಥೆಯನ್ನು ಆ ಕಡೆಯಿಂದಲೇ ನೋಡೋಣ.

ಎರಡು ಬ್ರಿಡ್ಜ್‌ಗಳು

ಡೋರಿಯಾ 213 ಮೀಟರ್ ಉದ್ದದ, ಸುಮಾರು 29,000 ಟನ್‌ನ ಹಡಗು. 1953ರಲ್ಲಿ ಮೊದಲ ಯಾನ ಮಾಡಿತ್ತು. ಜುಲೈ 17ರಂದು ಜಿನೋವಾದಿಂದ ಹೊರಟು 26ರ ಬೆಳಿಗ್ಗೆ ನ್ಯೂಯಾರ್ಕ್ ಮುಟ್ಟಬೇಕಿತ್ತು. ಹಡಗಿನಲ್ಲಿ 1,706 ಜನ ಇದ್ದರು. ಅಂದು ಮಧ್ಯಾಹ್ನದಿಂದಲೇ ಮಂಜು ಕವಿದಿತ್ತು. ಕಲಾಮಾಯಿ ಅನುಭವಿ ಕ್ಯಾಪ್ಟನ್. ಮಂಜು ಬಂದ ಮೇಲೆ ಅವರು ಬ್ರಿಡ್ಜ್ ಬಿಟ್ಟು ಹೆಚ್ಚು ಹೊತ್ತು ದೂರ ಹೋಗಲಿಲ್ಲ. ಮಂಜಿನ ಸೀಟಿ ಊದಿಸುತ್ತಿದ್ದರು, ನೀರು ತಡೆಯುವ ಬಾಗಿಲುಗಳನ್ನು ಮುಚ್ಚಿಸಿದ್ದರು, ರೇಡಾರ್ ಮುಂದೆ ಒಬ್ಬ ಆಫೀಸರ್‌ನನ್ನು ನಿಲ್ಲಿಸಿದ್ದರು. ವೇಗವನ್ನೂ ಇಳಿಸಿದ್ದರು. ಎಷ್ಟು ಗೊತ್ತಾ? 23 ನಾಟ್‌ನಿಂದ 21.8 ನಾಟ್‌ಗೆ. (ನಾಟ್ ಅಂದರೆ ಗಂಟೆಗೆ ಒಂದು ಸಮುದ್ರದ ಮೈಲಿ.)

ಅಂದರೆ ಇಳಿಸಿಯೇ ಇರಲಿಲ್ಲ ಅಂತಲೇ ಹೇಳಬೇಕು. ಮಂಜಿನಲ್ಲಿ ಮಿತವಾದ ವೇಗದಲ್ಲಿ ಹೋಗಬೇಕು ಅಂತ ಆಗಿನ ನಿಯಮದಲ್ಲೂ ಇತ್ತು. ಕಣ್ಣಿಗೆ ಕಾಣುವ ದೂರದ ಅರ್ಧದೊಳಗೆ ಹಡಗು ನಿಲ್ಲಬೇಕು ಅನ್ನುವುದು ಹಳೆಯ ನಾವಿಕರ ಲೆಕ್ಕ. ಆದರೆ ವೇಳಾಪಟ್ಟಿ ಹಿಡಿದು ಓಡುವ ದೊಡ್ಡ ಪ್ರಯಾಣಿಕ ಹಡಗುಗಳು ಆ ನಿಯಮವನ್ನು ದಿನಾ ಮುರಿಯುತ್ತಿದ್ದವು. ರೇಡಾರ್ ಇದೆಯಲ್ಲ ಅನ್ನುವ ಧೈರ್ಯ. ಇದು ಒಬ್ಬ ಕಲಾಮಾಯಿಯ ತಪ್ಪಾಗಿರಲಿಲ್ಲ, ಆ ಕಾಲದ ರೂಢಿಯೇ ಹಾಗಿತ್ತು. ಆದರೆ ರೂಢಿ ಅಂದ ಮಾತ್ರಕ್ಕೆ ಹಡಗು ಬೇಗ ನಿಲ್ಲುವುದಿಲ್ಲ, ಅಲ್ವಾ?

ಸ್ಟಾಕ್‌ಹೋಮ್ ಚಿಕ್ಕದು, 160 ಮೀಟರ್ ಉದ್ದ, ಸುಮಾರು 12,000 ಟನ್. ಉತ್ತರದ ಹಿಮಗಡ್ಡೆಯ ನೀರಲ್ಲಿ ಓಡಬೇಕಾದ್ದರಿಂದ ಅದರ ಮೂತಿಗೆ ಗಟ್ಟಿ ಉಕ್ಕು ಕೊಟ್ಟಿದ್ದರು. ಅಂದು ಬೆಳಿಗ್ಗೆ ಹನ್ನೊಂದೂವರೆಗೆ ನ್ಯೂಯಾರ್ಕ್ ಬಿಟ್ಟು ಗೋಥೆನ್‌ಬರ್ಗ್ ಕಡೆ ಹೊರಟಿತ್ತು. ವೇಗ ಸುಮಾರು 18 ನಾಟ್. ಕ್ಯಾಪ್ಟನ್ ಗುನ್ನಾರ್ ನೋರ್ಡೆನ್ಸನ್ ರಾತ್ರಿ ತಮ್ಮ ಕ್ಯಾಬಿನ್‌ಗೆ ಹೋಗಿದ್ದರು. ಬ್ರಿಡ್ಜ್ ಮೇಲಿದ್ದ ಒಬ್ಬನೇ ಆಫೀಸರ್ ಅಂದರೆ 26 ವರ್ಷದ ಥರ್ಡ್ ಆಫೀಸರ್ ಕಾರ್ಸ್ಟೆನ್ಸ್-ಯೋಹಾನ್ಸೆನ್. ಜೊತೆಗೆ ಮೂವರು ನಾವಿಕರು: ಚುಕ್ಕಾಣಿಗೆ ಒಬ್ಬ, ಕಂಬದ ಮೇಲಿನ ಕಾವಲುಗೂಡಿನಲ್ಲಿ ಒಬ್ಬ, ಕರೆದಾಗ ಬರಲು ಒಬ್ಬ. ಮಂಜು ಕಂಡರೆ ಕ್ಯಾಪ್ಟನ್‌ನನ್ನು ಕರೆಯಬೇಕು ಅನ್ನುವ ಆದೇಶ ಇತ್ತು.

ಆದರೆ ಸ್ಟಾಕ್‌ಹೋಮ್ ಇದ್ದ ಜಾಗದಲ್ಲಿ ಮಂಜು ಇರಲಿಲ್ಲ. ಬೆಳದಿಂಗಳಿತ್ತು. ಈ ವಿಷಯ ನೆನಪಿಡಿ, ಮುಂದೆ ಬೇಕಾಗುತ್ತದೆ.

ಇನ್ನೊಂದು ಸಂಗತಿಯೂ ಇದೆ. ಅಟ್ಲಾಂಟಿಕ್‌ನಲ್ಲಿ ಹೋಗುವ ಹಡಗುಗಳಿಗೆ ಒಂದು ದಾರಿ, ಬರುವ ಹಡಗುಗಳಿಗೆ ಇನ್ನೊಂದು ದಾರಿ ಅಂತ ದೊಡ್ಡ ಕಂಪನಿಗಳು ತಮ್ಮಲ್ಲೇ ಒಂದು ಒಪ್ಪಂದ ಮಾಡಿಕೊಂಡಿದ್ದವು. ಪೂರ್ವಕ್ಕೆ ಹೋಗುವವರು ಸುಮಾರು 20 ಮೈಲಿ ದಕ್ಷಿಣಕ್ಕೆ ಇರಬೇಕಿತ್ತು. ಸ್ಟಾಕ್‌ಹೋಮ್‌ನ ಕಂಪನಿ ಆ ಒಪ್ಪಂದದಲ್ಲಿ ಇರಲಿಲ್ಲ. ಉತ್ತರದ ದಾರಿ ಹತ್ತಿರವಾದ್ದರಿಂದ ಅದರಲ್ಲೇ ಹೋಗುತ್ತಿತ್ತು. ಕಾನೂನು ಪ್ರಕಾರ ತಪ್ಪೇನಿಲ್ಲ. ಆದರೆ ಡೋರಿಯಾದ ಬ್ರಿಡ್ಜ್‌ನಲ್ಲಿ ಇದ್ದವರಿಗೆ ಆ ಜಾಗದಲ್ಲಿ ಎದುರಿನಿಂದ ದೊಡ್ಡ ಹಡಗು ಬರುತ್ತದೆ ಅನ್ನುವ ನಿರೀಕ್ಷೆಯೇ ಇರಲಿಲ್ಲ. ನಾಂಟಕೆಟ್ ಕಡೆ ಹೋಗುವ ಯಾವುದೋ ಚಿಕ್ಕ ಹಡಗು ಇರಬೇಕು ಅಂದುಕೊಂಡರು.

ರೇಡಾರ್ ಹೇಳಿದ್ದು

ಡೋರಿಯಾ ನಾಂಟಕೆಟ್ ಲೈಟ್‌ಶಿಪ್ ಅನ್ನು (ದೀಪಸ್ತಂಭದ ಕೆಲಸ ಮಾಡಲು ಒಂದೇ ಕಡೆ ಲಂಗರು ಹಾಕಿದ ಹಡಗನ್ನು) ರಾತ್ರಿ 10.20ರ ಸುಮಾರಿಗೆ ದಾಟಿತು. ನಂತರ 268 ಡಿಗ್ರಿ ಹಿಡಿಯಿತು, ಅಂದರೆ ಹೆಚ್ಚುಕಡಿಮೆ ನೇರ ಪಶ್ಚಿಮ. ಸ್ಟಾಕ್‌ಹೋಮ್ ನೀರಿನ ಸೆಳೆತಕ್ಕೆ ಸ್ವಲ್ಪ ಉತ್ತರಕ್ಕೆ ಸರಿದಿತ್ತು. ಥರ್ಡ್ ಆಫೀಸರ್ ಅದನ್ನು ಗಮನಿಸಿ ಮೊದಲು ಎರಡು ಡಿಗ್ರಿ, ಆಮೇಲೆ ಇನ್ನೆರಡು ಡಿಗ್ರಿ ಬಲಕ್ಕೆ ತಿರುಗಿಸಿ 91ಕ್ಕೆ ತಂದಿದ್ದರು. ಅಂದರೆ ಹೆಚ್ಚುಕಡಿಮೆ ನೇರ ಪೂರ್ವ. ಎರಡೂ ಹಡಗು ಒಂದೇ ಗೆರೆಯ ಮೇಲೆ ಎದುರುಬದುರು ಬರುತ್ತಿದ್ದವು.

10.45ಕ್ಕೆ ಡೋರಿಯಾದ ರೇಡಾರ್‌ನಲ್ಲಿ ಚುಕ್ಕೆ ಕಂಡಿತು. ದೂರ 17 ಮೈಲಿ, ಮೂತಿಯಿಂದ ನಾಲ್ಕು ಡಿಗ್ರಿ ಬಲಕ್ಕೆ. ಸಮುದ್ರದ ಮೈಲಿ ಅಂದರೆ 1,852 ಮೀಟರ್. ಎರಡೂ ಹಡಗಿನ ವೇಗ ಕೂಡಿಸಿದರೆ ಗಂಟೆಗೆ 40 ಮೈಲಿ. 17 ಮೈಲಿ ಮುಗಿಯಲು ಇಪ್ಪತ್ತೈದೂವರೆ ನಿಮಿಷ ಸಾಕು. ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಸರಿಯಾಗಿ ಲೆಕ್ಕ ಕೂಡುತ್ತದೆ, ನೋಡಿ.

ಡೋರಿಯಾದವರು ಹೀಗೆ ಯೋಚಿಸಿದರು: ಅವನು ನಮ್ಮ ಬಲಕ್ಕೆ ಇದ್ದಾನೆ, ಬಲಕ್ಕೇ ದಾಟಿ ಹೋಗುತ್ತಾನೆ, ನಡುವೆ ಸುಮಾರು ಒಂದು ಮೈಲಿ ಇರುತ್ತದೆ. ಈ ಲೆಕ್ಕವನ್ನು ಅವರು ಪೆನ್ಸಿಲ್ ಹಿಡಿದು ಹಾಕಲಿಲ್ಲ. ರೇಡಾರ್ ಪರದೆಯನ್ನು ನೋಡಿ ಅಂದಾಜು ಮಾಡಿದರು. ಸ್ಟಾಕ್‌ಹೋಮ್‌ನ ಥರ್ಡ್ ಆಫೀಸರ್ ಪೆನ್ಸಿಲ್ ಹಿಡಿದು ಪ್ಲಾಟ್ ಮಾಡಿದರು. 10 ಮೈಲಿಯಲ್ಲಿ ಎರಡು ಡಿಗ್ರಿ ಎಡಕ್ಕೆ, 6 ಮೈಲಿಯಲ್ಲಿ ನಾಲ್ಕು ಡಿಗ್ರಿ ಎಡಕ್ಕೆ. ಅವನು ನಮ್ಮ ಎಡಕ್ಕೆ ದಾಟುತ್ತಾನೆ, ನಡುವೆ ಅರ್ಧ ಮೈಲಿಯಿಂದ ಒಂದು ಮೈಲಿ ಇರುತ್ತದೆ ಅಂತ ಅವರ ಲೆಕ್ಕ ಬಂತು.

ಅಂದರೆ ಇಲ್ಲಿ ಒಬ್ಬನಿಗೆ ಇನ್ನೊಬ್ಬ ಬಲಕ್ಕೆ ಕಾಣುತ್ತಿದ್ದ, ಆ ಇನ್ನೊಬ್ಬನಿಗೆ ಇವನು ಎಡಕ್ಕೆ ಕಾಣುತ್ತಿದ್ದ. ಎದುರುಬದುರು ಸಮಾನಾಂತರವಾಗಿ ಬರುವ ಎರಡು ಹಡಗುಗಳಲ್ಲಿ ಇದು ಸಾಧ್ಯವೇ ಇಲ್ಲ. ಇಬ್ಬರ ಮಗ್ಗುಲೂ ಒಂದೇ ಆಗಬೇಕು: ಎರಡೂ ಬಲ, ಇಲ್ಲವೇ ಎರಡೂ ಎಡ. ಯಾರೋ ಒಬ್ಬರ ಚಿತ್ರ ತಪ್ಪಾಗಿತ್ತು.

ಯಾರದ್ದು ಅಂತ ಕೋರ್ಟಿನಲ್ಲಿ ತೀರ್ಮಾನ ಆಗಲೇ ಇಲ್ಲ. 1957ರ ಆರಂಭದಲ್ಲಿ ಎರಡೂ ಕಂಪನಿಗಳು ಹೊರಗಡೆಯೇ ರಾಜಿ ಮಾಡಿಕೊಂಡವು. ಆಮೇಲೆ ಬಂದ ವಿಶ್ಲೇಷಣೆಗಳಲ್ಲಿ ಒಂದು ವಾದ ತುಂಬಾ ಗಟ್ಟಿಯಾಗಿ ನಿಂತಿತು. ಥರ್ಡ್ ಆಫೀಸರ್ ತಮ್ಮ ರೇಡಾರ್ 15 ಮೈಲಿ ಸ್ಕೇಲ್‌ನಲ್ಲಿದೆ ಅಂದುಕೊಂಡಿದ್ದರು, ಅದು ನಿಜವಾಗಿ 5 ಮೈಲಿ ಸ್ಕೇಲ್‌ನಲ್ಲಿತ್ತು ಅನ್ನುವ ವಾದ ಅದು. ಹಾಗಿದ್ದರೆ ಅವರು 6 ಮೈಲಿ ಅಂದುಕೊಂಡದ್ದು ನಿಜದಲ್ಲಿ 2 ಮೈಲಿ. ಕತ್ತಲೆಯ ಬ್ರಿಡ್ಜ್‌ನಲ್ಲಿ ಒಂದು ಗುಂಡಿಯ ಸ್ಥಾನವನ್ನು ತಪ್ಪಾಗಿ ಓದುವುದು ಯಾರಿಗಾದರೂ ಆಗಬಹುದಾದ ಸಂಗತಿ. ಕತ್ತಲೆಯಲ್ಲಿ ವಾಚ್ (ಬ್ರಿಡ್ಜ್‌ನ ಕಾವಲು ಸರದಿ) ನಿಂತವರಿಗೆ ಅದು ಗೊತ್ತು.

ನನ್ನ ಗಮನ ಸೆಳೆಯುವುದು ಇನ್ನೊಂದು ಅಂಶ. ಆಗಿನ ರೇಡಾರ್ ಹಡಗಿನ ಮೂತಿಯನ್ನು ಲೆಕ್ಕಕ್ಕೆ ಇಟ್ಟುಕೊಂಡು ಕೋನ ತೋರಿಸುತ್ತಿತ್ತು. ನೋಡಿದ ಆ ಕ್ಷಣದಲ್ಲಿ ಮೂತಿ ಎತ್ತ ತಿರುಗಿದೆಯೋ ಅದರಿಂದ ಎಷ್ಟು ಡಿಗ್ರಿ ಅಂತ. ಹಡಗು ಯಾವತ್ತೂ ಗೆರೆ ಎಳೆದ ಹಾಗೆ ಹೋಗುವುದಿಲ್ಲ. ಅಲೆಗೆ, ಗಾಳಿಗೆ, ಚುಕ್ಕಾಣಿ ಹಿಡಿದವನ ಕೈಗೆ ತಕ್ಕಂತೆ ಮೂತಿ ಎರಡು ಡಿಗ್ರಿ ಆ ಕಡೆ, ಎರಡು ಡಿಗ್ರಿ ಈ ಕಡೆ ಓಲಾಡುತ್ತದೆ. ಸ್ಟಾಕ್‌ಹೋಮ್‌ನಲ್ಲಿ ಆ ರಾತ್ರಿ ಚುಕ್ಕಾಣಿ ಹಿಡಿದವನ ಕೈಯಲ್ಲಿ ಮೂತಿ ಓಲಾಡುತ್ತಿದೆ ಅಂತ ಥರ್ಡ್ ಆಫೀಸರ್‌ಗೂ ಗೊತ್ತಿತ್ತು. ಹಾಗಾಗಿ ಪದೇ ಪದೇ ದಿಕ್ಕು ಕೇಳುತ್ತಿದ್ದರು. ಈಗ ಯೋಚಿಸಿ. ಚುಕ್ಕೆ ಮೂತಿಯಿಂದ ಎರಡು ಡಿಗ್ರಿ ಎಡಕ್ಕೆ ಇದೆ ಅಂತ ಪರದೆ ಹೇಳುತ್ತದೆ. ಮೂತಿಯೇ ಎರಡು ಡಿಗ್ರಿ ಓಲಾಡುತ್ತಿದೆ. ಹಾಗಾದರೆ ಆ ಚುಕ್ಕೆ ಎಡಕ್ಕಿದೆಯಾ, ಬಲಕ್ಕಿದೆಯಾ, ನೇರ ಮುಂದಿದೆಯಾ? ಹೇಳಲು ಬರುವುದಿಲ್ಲ. 10 ಮೈಲಿ ದೂರದಲ್ಲಿ ಎರಡು ಡಿಗ್ರಿ ಅಂದರೆ ಬರೀ 650 ಮೀಟರ್. ಡೋರಿಯಾದ ಉದ್ದದ ಮೂರು ಪಟ್ಟು, ಅಷ್ಟೇ.

ಡೋರಿಯಾ ಕಡೆಯ ನಾಲ್ಕು ಡಿಗ್ರಿಯೂ ಅಷ್ಟೇ ಬಡವಾದ ಸಾಕ್ಷಿ. 17 ಮೈಲಿಯಲ್ಲಿ ನಾಲ್ಕು ಡಿಗ್ರಿ ಅಂದರೆ ಪಕ್ಕಕ್ಕೆ ಸುಮಾರು 1.2 ಮೈಲಿ. ಆ ಹಡಗು ನಿಜಕ್ಕೂ ಒಂದು ಮೈಲಿ ಬಿಟ್ಟು ಬಲಕ್ಕೆ ದಾಟುವುದಾದರೆ, ಹತ್ತಿರ ಬಂದಂತೆ ಆ ಕೋನ ಬೆಳೆಯುತ್ತಲೇ ಹೋಗಬೇಕು. 8 ಮೈಲಿಯಲ್ಲಿ ಏಳೆಂಟು ಡಿಗ್ರಿ, 4 ಮೈಲಿಯಲ್ಲಿ ಹದಿನೈದರ ಸುಮಾರು. ಕೋನ ಹೀಗೆ ಬೆಳೆಯುತ್ತಿದೆಯಾ ಅಂತ ಬರೆದು ನೋಡುವುದಕ್ಕೇ ಪ್ಲಾಟಿಂಗ್ ಅನ್ನುವುದು. ಕೋನ ಬದಲಾಗದೆ ದೂರ ಮಾತ್ರ ಕಡಿಮೆಯಾಗುತ್ತಿದ್ದರೆ ಡಿಕ್ಕಿ ಆಗುತ್ತದೆ ಅಂತಲೇ ಅರ್ಥ. ಇದನ್ನು ಅಂದಾಜಿನಲ್ಲಿ ಬಿಡುವ ವಿಷಯವೇ ಅಲ್ಲ.

ಎಡಕ್ಕೆ ತಿರುಗಿದ್ದು ಯಾಕೆ

ಎದುರುಬದುರು ಬಂದರೆ ಇಬ್ಬರೂ ಬಲಕ್ಕೆ ತಿರುಗಿ ಎಡ ಮಗ್ಗುಲು ಎಡ ಮಗ್ಗುಲಿಗೆ ದಾಟಬೇಕು. ಇದು ಆಗಲೂ ನಿಯಮ, ಈಗಲೂ ನಿಯಮ. ಕಲಾಮಾಯಿಗೆ ಇದು ಗೊತ್ತಿರಲಿಲ್ಲ ಅಂತಲ್ಲ. ಅವರ ಪ್ರಕಾರ ಇದು ಎದುರುಬದುರಿನ ಸಂದರ್ಭವೇ ಆಗಿರಲಿಲ್ಲ. ಅವನು ಬಲಕ್ಕೆ ಇದ್ದಾನೆ, ಬಲಕ್ಕೇ ಹೋಗುತ್ತಾನೆ, ನಾನು ಸ್ವಲ್ಪ ಎಡಕ್ಕೆ ಸರಿದರೆ ಅವನಿಗೆ ಇನ್ನಷ್ಟು ಜಾಗ ಸಿಗುತ್ತದೆ. ಎಡಕ್ಕೆ ತೆರೆದ ಸಮುದ್ರ, ಬಲಕ್ಕೆ ನೆಲ. ಕಾಗದದ ಮೇಲೆ ಇದು ಒಪ್ಪುವಂಥ ಯೋಚನೆ.

ಆದರೆ ಆ ತಿರುವಿನಿಂದ ಎಷ್ಟು ಜಾಗ ಸಿಕ್ಕಿತು? ಲೆಕ್ಕ ಹಾಕಿ ನೋಡಿದೆ. 11.05ಕ್ಕೆ ತಿರುಗಿದರೆ ಉಳಿದದ್ದು ಐದು ನಿಮಿಷ ಚಿಲ್ಲರೆ. ಅಷ್ಟರಲ್ಲಿ ಡೋರಿಯಾ ಸುಮಾರು 1.8 ಮೈಲಿ ಮುಂದೆ ಹೋಗುತ್ತದೆ. ನಾಲ್ಕು ಡಿಗ್ರಿ ಓರೆಯಾಗಿ ಅಷ್ಟು ದೂರ ಹೋದರೆ ಪಕ್ಕಕ್ಕೆ ಸರಿಯುವುದು ಸುಮಾರು 235 ಮೀಟರ್. ಹಡಗಿನ ಉದ್ದವೇ 213 ಮೀಟರ್. ತನ್ನ ಮೈ ಉದ್ದಕ್ಕಿಂತ ಒಂಚೂರು ಜಾಸ್ತಿ ಸರಿದಂತಾಯಿತು. ಅದರಿಂದ ಸಿಕ್ಕ ರಕ್ಷಣೆ ಸೊನ್ನೆ.

ಇನ್ನು ಎದುರಿನವನಿಗೆ ಅದು ಹೇಗೆ ಕಂಡಿತು? ಕಾಣಲೇ ಇಲ್ಲ. ಸ್ಟಾಕ್‌ಹೋಮ್‌ನ ಪರದೆ ಮೇಲೆ ಆ ಚುಕ್ಕೆ ಹಿಂದಿನ ದಾರಿಯಲ್ಲೇ ಬರುತ್ತಿರುವಂತೆ ಕಂಡಿತು. ಮೂತಿ ಓಲಾಡುವ ಎರಡು ಡಿಗ್ರಿಯಲ್ಲಿ ಆ ನಾಲ್ಕು ಡಿಗ್ರಿ ಸೇರಿಹೋಯಿತು. ತಾನು ಏನು ಮಾಡಲು ಹೊರಟಿದ್ದೇನೆ ಅಂತ ಡೋರಿಯಾ ಎದುರಿನವನಿಗೆ ಹೇಳುವುದಕ್ಕೆ ಆಗ ಇದ್ದ ಭಾಷೆ ಒಂದೇ: ತಿರುವು. ಒಂದು ಬ್ರಿಡ್ಜ್‌ನಿಂದ ಇನ್ನೊಂದು ಬ್ರಿಡ್ಜ್‌ಗೆ ರೇಡಿಯೋದಲ್ಲಿ ಅವರು ಮಾತಾಡಲೇ ಇಲ್ಲ. ಆ ಭಾಷೆಯಲ್ಲಿ ಕಲಾಮಾಯಿ ಪಿಸುಗುಟ್ಟಿದರು. ಎದುರಿನವನಿಗೆ ಕೇಳಿಸಲಿಲ್ಲ.

ನಾನು ಥರ್ಡ್ ಆಫೀಸರ್ ಆಗಿ ರಾತ್ರಿ ವಾಚ್ ಮಾಡುತ್ತಿದ್ದ ದಿನಗಳಲ್ಲಿ ನನಗೆ ಇದು ತಗುಲಿದೆ. ಮುಂದೆ ಸ್ವಲ್ಪ ಬಲಕ್ಕೆ ಒಂದು ಹಡಗು. ನಾನು ದಾರಿ ಬಿಡಬೇಕಿತ್ತು. ಐದು ಡಿಗ್ರಿ ಬಲಕ್ಕೆ ತಿರುಗಿಸಿದೆ. ನಾಲ್ಕು ನಿಮಿಷ ಬಿಟ್ಟು ಇನ್ನೈದು ಡಿಗ್ರಿ. ಚೀಫ್ ಆಫೀಸರ್ ಕಾಫಿ ಹಿಡಿದು ಹಿಂದೆ ನಿಂತು ನೋಡುತ್ತಿದ್ದರು. ಏನೂ ಅನ್ನಲಿಲ್ಲ. ಬ್ರಿಡ್ಜ್‌ನ ಬಲ ರೆಕ್ಕೆಗೆ (ಬದಿಗೆ ಚಾಚಿದ ಜಾಗಕ್ಕೆ) ಕರೆದುಕೊಂಡು ಹೋಗಿ ಆ ಹಡಗಿನ ದೀಪ ತೋರಿಸಿ, 'ಈಗ ನೀನು ಅಲ್ಲಿ ನಿಂತಿದ್ದೀಯ ಅಂದುಕೋ. ಈ ಹಡಗು ತಿರುಗಿತು ಅಂತ ನಿನಗೆ ಗೊತ್ತಾಯ್ತಾ?' ಅಂತ ಕೇಳಿದರು. ನನ್ನ ಬಳಿ ಉತ್ತರ ಇರಲಿಲ್ಲ. ಒಳಗೆ ಬಂದು ಒಂದೇ ಸಲಕ್ಕೆ 30 ಡಿಗ್ರಿ ತಿರುಗಿಸಿದೆ. ಅಲ್ಲಿಯವರೆಗೆ ಎದುರಿನವನಿಗೆ ನಮ್ಮ ಎರಡು ಮಾಸ್ಟ್ ದೀಪಗಳು ಹೆಚ್ಚುಕಡಿಮೆ ಅಲುಗಾಡದೆ ಕಂಡಿರಬೇಕು. ಈಗ ಅವು ಒಂದರಿಂದೊಂದು ದೂರ ಸರಿದದ್ದು ಕಂಡಿರುತ್ತದೆ. ಒಂದು ನಿಮಿಷದಲ್ಲಿ ಅವರ ಕೆಂಪು ದೀಪ (ಹಡಗಿನ ಎಡ ಮಗ್ಗುಲಿನ ದೀಪ ಕೆಂಪು, ಬಲ ಮಗ್ಗುಲಿನದು ಹಸಿರು) ನಮಗೆ ಸ್ಪಷ್ಟವಾಗಿ ಕಂಡಿತು.

ಕೊನೆಯ ಮೂರು ನಿಮಿಷ

ಈಗ ಸ್ಟಾಕ್‌ಹೋಮ್‌ಗೆ ಹೋಗೋಣ. ಥರ್ಡ್ ಆಫೀಸರ್ ಬಲಕ್ಕೆ ತಿರುಗಬೇಕು ಅಂತ ನಿರ್ಧಾರ ಮಾಡಿಯಾಗಿತ್ತು. ಆದರೆ ಮೊದಲು ಎದುರಿನ ಹಡಗಿನ ದೀಪ ಕಣ್ಣಿಗೆ ಕಾಣಲಿ ಅಂತ ಕಾದರು. ರೇಡಾರ್‌ನ ಮೇಲೆ ಪೂರ್ತಿ ಭರವಸೆ ಇಡದೆ ಕಣ್ಣಿಂದ ಖಚಿತ ಮಾಡಿಕೊಳ್ಳುವುದು ಒಳ್ಳೆಯ ಅಭ್ಯಾಸವೇ. ಆದರೆ ಇಲ್ಲಿ ಬೆಳದಿಂಗಳಿನ ಮಾತು ಬರುತ್ತದೆ. ರಾತ್ರಿ ತಿಳಿಯಾಗಿದೆ. ದೊಡ್ಡ ಹಡಗಿನ ಮಾಸ್ಟ್ ದೀಪ ಕನಿಷ್ಠ 5 ಮೈಲಿಗೆ ಕಾಣಬೇಕು ಅಂತ ಆಗಿನ ನಿಯಮ. ರೇಡಾರ್‌ನಲ್ಲಿ 5 ಮೈಲಿ, 4 ಮೈಲಿ, 3 ಮೈಲಿ. ದೀಪ ಇಲ್ಲ. ಯಾಕಿಲ್ಲ?

ದೀಪ ಕಾಣದೇ ಇದ್ದದ್ದೇ ಒಂದು ದೊಡ್ಡ ಸುದ್ದಿಯಾಗಿತ್ತು. ನಮ್ಮಿಬ್ಬರ ನಡುವೆ ಮಂಜಿದೆ, ನಾವೂ ಈಗ ಅದರೊಳಗೆ ಹೋಗುತ್ತಿದ್ದೇವೆ ಅನ್ನುವ ಸುದ್ದಿ. ಆಗ ಕ್ಯಾಪ್ಟನ್‌ನನ್ನು ಕರೆಯಬೇಕಿತ್ತು, ಎಂಜಿನ್ ಇಳಿಸಬೇಕಿತ್ತು, ಸೀಟಿ ಊದಬೇಕಿತ್ತು. 26 ವರ್ಷದ ಆ ಯುವಕನನ್ನು ನಾನು ದೂರುತ್ತಿಲ್ಲ. ಒಬ್ಬನೇ ಆಫೀಸರ್ ರೇಡಾರ್ ನೋಡಬೇಕು, ಪ್ಲಾಟ್ ಮಾಡಬೇಕು, ಚುಕ್ಕಾಣಿ ಮೇಲೆ ಕಣ್ಣಿಡಬೇಕು, ಹೊರಗೂ ನೋಡಬೇಕು. ಇಷ್ಟರ ನಡುವೆ ಕಾಣದ ದೀಪದ ಬಗ್ಗೆ ಯೋಚಿಸಲು ಒಂದು ತಲೆ ಸಾಲದು. ಆ ಬ್ರಿಡ್ಜ್‌ನಲ್ಲಿ ಇನ್ನೊಬ್ಬ ಆಫೀಸರ್ ಇರಬೇಕಿತ್ತು.

ಎರಡು ಮೈಲಿಗಿಂತ ಸ್ವಲ್ಪ ಕಡಿಮೆ ದೂರದಲ್ಲಿ ದೀಪ ಕಂಡಿತು, ಎಡಕ್ಕೆ. ಎರಡು ಮೈಲಿ ಅಂದರೆ ಮೂರು ನಿಮಿಷ. ಥರ್ಡ್ ಆಫೀಸರ್ ಬಲಕ್ಕೆ ತಿರುಗಲು ಹೇಳಿದರು, ಇಪ್ಪತ್ತು ಡಿಗ್ರಿಗೂ ಜಾಸ್ತಿ. ಇದು ಎದುರಿನವನಿಗೆ ಕಾಣಲಿ ಅಂತ ಮಾಡಿದ ದೊಡ್ಡ ತಿರುವು. ಸರಿಯಾದದ್ದೇ, ಆದರೆ ತಡವಾಗಿ. ಅಷ್ಟರಲ್ಲಿ ಬ್ರಿಡ್ಜ್‌ನ ಫೋನ್ ಬಡಿಯಿತು. ಕಾವಲುಗೂಡಿನವನು: ದೀಪ, 20 ಡಿಗ್ರಿ ಎಡಕ್ಕೆ. ಥರ್ಡ್ ಆಫೀಸರ್ ಆ ಕರೆ ತೆಗೆದುಕೊಳ್ಳಲು ಎದುರಿನ ಹಡಗಿನಿಂದ ಕಣ್ಣು ತೆಗೆದರು. ಕೆಲವೇ ಸೆಕೆಂಡು. ಫೋನ್ ಇಟ್ಟು ನೋಡುತ್ತಾರೆ, ಕೆಂಪು ದೀಪ ಇರಬೇಕಾದ ಕಡೆ ಹಸಿರು ಕಾಣುತ್ತಿದೆ. ಎದುರಿನ ಹಡಗು ತನ್ನ ಬಲ ಮಗ್ಗುಲು ತೋರಿಸುತ್ತಾ ಅಡ್ಡ ಬರುತ್ತಿದೆ. ಪೂರ್ತಿ ಬಲಕ್ಕೆ, ಪೂರ್ತಿ ಹಿಂದಕ್ಕೆ ಅಂತ ಆದೇಶ ಕೊಟ್ಟರು.

ಅದೇ ಹೊತ್ತಿಗೆ ಡೋರಿಯಾದಲ್ಲಿ ಒಬ್ಬ ಆಫೀಸರ್ ಮಂಜಿನ ಮಸುಕಿನಲ್ಲಿ ಸ್ಟಾಕ್‌ಹೋಮ್‌ನ ಎರಡು ಮಾಸ್ಟ್ ದೀಪಗಳನ್ನು ನೋಡುತ್ತಿದ್ದರು. ಹಡಗಿನ ಮುಂದಿನ ಮಾಸ್ಟ್ ದೀಪ ಕೆಳಗಿರುತ್ತದೆ, ಹಿಂದಿನದು ಮೇಲಿರುತ್ತದೆ. ನಮ್ಮ ಬಲಕ್ಕೆ ದಾಟಿ ಹೋಗುವ ಹಡಗಿನಲ್ಲಿ ಕೆಳಗಿನ ದೀಪ ಮೇಲಿನ ದೀಪದ ಬಲಕ್ಕೆ ಕಾಣಬೇಕು. ಮೊದಲು ಹಾಗೇ ಇತ್ತು. ನೋಡುತ್ತಿದ್ದಂತೆ ಎರಡೂ ಒಂದರ ಮೇಲೊಂದು ಬಂದವು. ಆಮೇಲೆ ಕೆಳಗಿನ ದೀಪ ಎಡಕ್ಕೆ ಜಾರಿತು. ಕೆಂಪು ಸೈಡ್‌ಲೈಟ್ ಹೊಳೆಯಿತು. ರಾತ್ರಿ ಸಮುದ್ರದಲ್ಲಿ ಇದಕ್ಕಿಂತ ಭಯ ಹುಟ್ಟಿಸುವ ನೋಟ ಇಲ್ಲ. ಅವನು ನಮ್ಮ ಕಡೆಗೇ ತಿರುಗುತ್ತಿದ್ದಾನೆ ಅಂತ ಆ ದೀಪಗಳು ಹೇಳುತ್ತಿದ್ದವು.

ಆಗ ಇದ್ದದ್ದು ಒಂದು ಮೈಲಿ ಚಿಲ್ಲರೆ, ಅಂದರೆ ತೊಂಬತ್ತು ಸೆಕೆಂಡಿನ ಆಸುಪಾಸು. ಕಲಾಮಾಯಿ ಪೂರ್ತಿ ಎಡಕ್ಕೆ ತಿರುಗಿಸಿದರು. ಎಂಜಿನ್ ನಿಲ್ಲಿಸಲಿಲ್ಲ. ವೇಗ ಇದ್ದರೆ ಚುಕ್ಕಾಣಿ ಹಿಡಿತ ಚೆನ್ನಾಗಿರುತ್ತದೆ, ಅವನ ಮುಂದಿನಿಂದ ದಾಟಿ ಹೋಗಿಬಿಡಬಹುದು ಅನ್ನುವ ಲೆಕ್ಕ. ಆದರೆ ಅಷ್ಟು ಭಾರದ ಹಡಗು ಚುಕ್ಕಾಣಿ ತಿರುಗಿಸಿದ ಕೂಡಲೇ ದಾರಿ ಬದಲಿಸುವುದಿಲ್ಲ. ಮೂತಿ ತಿರುಗುತ್ತದೆ, ಮೈ ಮಾತ್ರ ಸ್ವಲ್ಪ ಹೊತ್ತು ಹಳೆಯ ದಾರಿಯಲ್ಲೇ ಜಾರುತ್ತಾ ಹೋಗುತ್ತದೆ. ಡೋರಿಯಾ ಹೀಗೆ ತಿರುಗುತ್ತಾ ತನ್ನ ಬಲ ಮಗ್ಗುಲನ್ನು ಪೂರ್ತಿ ಚಾಚಿ ಹಿಮ ಸೀಳುವ ಆ ಮೂತಿಯ ಮುಂದೆ ಬಂದಿತು.

ಆ ತೊಂಬತ್ತು ಸೆಕೆಂಡಿನ ಆದೇಶಗಳ ಬಗ್ಗೆ ನಾನು ತೀರ್ಪು ಹೇಳಲಾರೆ. ಎಡಕ್ಕೋ ಬಲಕ್ಕೋ ಅಂತ ಚರ್ಚೆ ಮಾಡುವವರು ಸಾಕಷ್ಟು ಜನ ಇದ್ದಾರೆ. ಅಷ್ಟು ಹತ್ತಿರ ಬಂದ ಮೇಲೆ ಒಳ್ಳೆಯ ಆಯ್ಕೆ ಅನ್ನುವುದು ಉಳಿದಿರುವುದೇ ಇಲ್ಲ.

ಡಿಕ್ಕಿ ಆದ ಮೇಲಿನದನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಪ್ರಯಾಣದ ಕೊನೆಯಾದ್ದರಿಂದ ಡೋರಿಯಾದ ಇಂಧನ ಟ್ಯಾಂಕ್‌ಗಳು ಬಹುಪಾಲು ಖಾಲಿ ಇದ್ದವು. ಬಲಗಡೆಯ ಟ್ಯಾಂಕ್‌ಗಳು ಒಡೆದು ಸಮುದ್ರದ ನೀರು ತುಂಬಿತು, ಎಡಗಡೆಯವು ಹಗುರಾಗಿಯೇ ಉಳಿದವು. ಹಡಗು ಬಲಕ್ಕೆ 20 ಡಿಗ್ರಿಗೂ ಜಾಸ್ತಿ ವಾಲಿತು. ಎಡಗಡೆಯ ಎಂಟು ಲೈಫ್‌ಬೋಟ್‌ಗಳನ್ನು ಇಳಿಸಲು ಆಗಲೇ ಇಲ್ಲ. ಅಷ್ಟಾದರೂ ಹಡಗು 11 ಗಂಟೆ ತೇಲಿತು. ಫ್ರಾನ್ಸ್‌ನ ಇಲ್ ದ ಫ್ರಾನ್ಸ್ ಅನ್ನುವ ಪ್ರಯಾಣಿಕ ಹಡಗು ತನ್ನ ದಾರಿ ಬಿಟ್ಟು ಹಿಂದಕ್ಕೆ ತಿರುಗಿ ಬಂದು 753 ಜನರನ್ನು ಹತ್ತಿಸಿಕೊಂಡಿತು. ಮೂತಿ ನುಜ್ಜುಗುಜ್ಜಾದ ಸ್ಟಾಕ್‌ಹೋಮ್ ಕೂಡ ನೂರಾರು ಜನರನ್ನು ಉಳಿಸಿತು. ಡೋರಿಯಾದ ಕ್ಯಾಬಿನ್‌ನಲ್ಲಿ ಮಲಗಿದ್ದ 14 ವರ್ಷದ ಒಬ್ಬ ಹುಡುಗಿ ಸ್ಟಾಕ್‌ಹೋಮ್‌ನ ಜಜ್ಜಿದ ಮೂತಿಯ ಮೇಲೆ ಜೀವಂತವಾಗಿ ಸಿಕ್ಕಳು. ಅದೇ ಕ್ಯಾಬಿನ್‌ನಲ್ಲಿದ್ದ ಅವಳ ತಂಗಿ ಉಳಿಯಲಿಲ್ಲ.

ಏನು ಮಾಡಬಹುದಿತ್ತು

ಕಲಾಮಾಯಿ ಜಾಗದಲ್ಲಿ ನಿಂತು ನೋಡೋಣ. ಚುಕ್ಕೆ ಮೊದಲು ಕಂಡಾಗ ಕೈಯಲ್ಲಿ ಇಪ್ಪತ್ತೈದು ನಿಮಿಷ ಇತ್ತು. ಸಮುದ್ರದಲ್ಲಿ ಇಪ್ಪತ್ತೈದು ನಿಮಿಷ ಅಂದರೆ ದೊಡ್ಡ ಆಸ್ತಿ. ಅದರಲ್ಲಿ ಇಪ್ಪತ್ತು ನಿಮಿಷ ಸುಮ್ನೆ ನೋಡುತ್ತಾ ಕಳೆಯಿತು. 10 ಮೈಲಿ ಇದ್ದಾಗ, ಅಂದರೆ ಹದಿನೈದು ನಿಮಿಷ ಮುಂಚೆ, ಬಲಕ್ಕೆ 30 ಡಿಗ್ರಿ ತಿರುಗಿದ್ದರೆ ಡೋರಿಯಾ ತನ್ನ ಹಳೆಯ ಗೆರೆಯಿಂದ ಎರಡೂವರೆ ಮೈಲಿಗೂ ಹೆಚ್ಚು ಸರಿಯುತ್ತಿತ್ತು. 235 ಮೀಟರ್ ಎಲ್ಲಿ, ಎರಡೂವರೆ ಮೈಲಿ ಎಲ್ಲಿ! ಬಲಕ್ಕೆ ಆಳ ಕಡಿಮೆ ಅನ್ನಿಸಿದ್ದರೆ ಅಷ್ಟು ಹೊತ್ತು ಹೋಗಬೇಕಾಗಿಯೂ ಇರಲಿಲ್ಲ. ಕೆಲವು ನಿಮಿಷ ಸಾಕು. ಎದುರಿನವನ ಪರದೆಯ ಮೇಲೆ ಚುಕ್ಕೆ ಬೇರೆ ದಾರಿ ಹಿಡಿದದ್ದು ಕಂಡರೆ ಆಯಿತು.

ತಿರುಗಲು ಇಷ್ಟವಿಲ್ಲದಿದ್ದರೆ ವೇಗ ಇಳಿಸಬಹುದಿತ್ತು. ಇದನ್ನು ಜನ ಮರೆಯುತ್ತಾರೆ. ಅರ್ಧ ವೇಗಕ್ಕೆ ಬಂದಿದ್ದರೆ ಯೋಚಿಸಲು ಹೆಚ್ಚು ನಿಮಿಷ, ರೇಡಾರ್‌ನಲ್ಲಿ ಹೆಚ್ಚು ಅಳತೆ, ತಪ್ಪಾದರೆ ಸರಿಪಡಿಸಲು ಹೆಚ್ಚು ಜಾಗ. ಏನೂ ಗೊತ್ತಾಗದಿದ್ದಾಗ ಎಂಜಿನ್ ಇಳಿಸು ಅನ್ನುವುದು ವಾಚ್ ನಿಲ್ಲುವವನಿಗೆ ಇರುವ ಅತಿ ಸುಲಭದ ದಾರಿ, ಆದರೂ ಕೈ ಹೋಗುವುದಿಲ್ಲ. ಎಂಜಿನ್ ರೂಮ್‌ನವರು ಏನಂದುಕೊಳ್ಳುತ್ತಾರೋ, ಕ್ಯಾಪ್ಟನ್ ಏನಂದುಕೊಳ್ಳುತ್ತಾರೋ, ತಲುಪುವುದು ತಡವಾಗುತ್ತದೋ ಅನ್ನುವ ಹಿಂಜರಿಕೆ. ಆ ಹಿಂಜರಿಕೆಯನ್ನು ನಾನು ಎಷ್ಟೋ ಒಳ್ಳೆಯ ಆಫೀಸರ್‌ಗಳಲ್ಲಿ ಕಂಡಿದ್ದೇನೆ. ಹೊಸಬರಿಗೆ ಇದನ್ನು ಕೈ ಹಿಡಿದು ಬಿಡಿಸಬೇಕು.

ಸ್ಟಾಕ್‌ಹೋಮ್ ಕಡೆಯಿಂದಲೂ ಅಷ್ಟೇ. ದೀಪ ಕಾಣುವವರೆಗೆ ಕಾಯದೆ ಅದೇ ದೊಡ್ಡ ತಿರುವನ್ನು 6 ಮೈಲಿಯಲ್ಲೇ ಮಾಡಿದ್ದರೆ ಡೋರಿಯಾದ ರೇಡಾರ್ ಮುಂದೆ ನಿಂತವನಿಗೆ ಏನೋ ಬದಲಾಗಿದೆ ಅಂತ ಗೊತ್ತಾಗುತ್ತಿತ್ತು. ಡೋರಿಯಾದವರು ಪ್ಲಾಟ್ ಮಾಡುತ್ತಿರಲಿಲ್ಲ ನಿಜ, ಆದರೆ ಚುಕ್ಕೆ ಬಲದಿಂದ ಎಡಕ್ಕೆ ಅಡ್ಡ ಬರುವುದು ಪೆನ್ಸಿಲ್ ಇಲ್ಲದೆಯೂ ಕಾಣುವ ವಿಷಯ.

ನಿಯಮದ ಪುಸ್ತಕ

ಇವತ್ತು ಹಡಗುಗಳು ಪಾಲಿಸುವ ಡಿಕ್ಕಿ ತಡೆ ನಿಯಮಗಳು 1972ರವು, 1977ರಿಂದ ಜಾರಿಯಲ್ಲಿವೆ. ಓದುತ್ತಾ ಹೋದರೆ ಕೆಲವು ಸಾಲುಗಳ ಹಿಂದೆ ಆ ರಾತ್ರಿಯೇ ನಿಂತಿದೆಯೇನೋ ಅನ್ನಿಸುತ್ತದೆ. 7ನೇ ನಿಯಮ: ಅರೆಬರೆ ಮಾಹಿತಿಯ ಮೇಲೆ, ಅದರಲ್ಲೂ ಅರೆಬರೆ ರೇಡಾರ್ ಮಾಹಿತಿಯ ಮೇಲೆ, ಊಹೆ ಮಾಡಬಾರದು. 8ನೇ ನಿಯಮ: ದಿಕ್ಕು ಅಥವಾ ವೇಗ ಬದಲಿಸಿದರೆ ಅದು ಕಣ್ಣಿನಿಂದಲೋ ರೇಡಾರ್‌ನಿಂದಲೋ ನೋಡುವ ಇನ್ನೊಂದು ಹಡಗಿಗೆ ಸುಲಭವಾಗಿ ಗೊತ್ತಾಗುವಷ್ಟು ದೊಡ್ಡದಿರಬೇಕು, ಚಿಕ್ಕ ಚಿಕ್ಕ ಬದಲಾವಣೆ ಸಾಲುಸಾಲಾಗಿ ಮಾಡಬಾರದು. 19ನೇ ನಿಯಮ: ಮಂಜಿನಲ್ಲಿ ಮುಂದೆ ಇರುವ ಹಡಗಿಗಾಗಿ, ಅದನ್ನು ಹಿಂದಿಕ್ಕುವ ಸಂದರ್ಭ ಬಿಟ್ಟು, ಆದಷ್ಟು ಮಟ್ಟಿಗೆ ಎಡಕ್ಕೆ ತಿರುಗಬಾರದು. ಪರೀಕ್ಷೆಗೆ ಬಾಯಿಪಾಠ ಮಾಡುವಾಗ ಇವು ಬರೀ ಒಣ ಸಾಲುಗಳು. ಆ ರಾತ್ರಿಯ ಸಮಯಗಳನ್ನು ಪಕ್ಕದಲ್ಲಿಟ್ಟು ಓದಿದರೆ ಹಾಗನ್ನಿಸುವುದಿಲ್ಲ.

ಹಲವು ವರ್ಷಗಳ ನಂತರ ಒಂದು ತರಬೇತಿಯಲ್ಲಿ ಸಿಮ್ಯುಲೇಟರ್ ಬ್ರಿಡ್ಜ್‌ನಲ್ಲಿ ಇದೇ ಸಂದರ್ಭವನ್ನು ನಮಗೆ ಕೊಟ್ಟರು. ನಾವು ನಾಲ್ವರು, ಸ್ಟಾಕ್‌ಹೋಮ್ ಜಾಗದಲ್ಲಿ. ಹೊರಗೆ ಕತ್ತಲೆ, ಕೈಯಲ್ಲಿ ರೇಡಾರ್ ಮಾತ್ರ. ಎದುರಿನ ಹಡಗು ದಾರಿ ಬದಲಿಸಿದ ಕೂಡಲೇ ಕೈ ಎತ್ತಿ ಅಂತ ಹೇಳಿದರು. ನಾಲ್ವರೂ ಪರದೆಯಿಂದ ಕಣ್ಣು ತೆಗೆಯಲಿಲ್ಲ. ಚುಕ್ಕೆ ಬರುತ್ತಿತ್ತು, ಅದೇ ದಾರಿಯಲ್ಲಿ, ಅದೇ ವೇಗದಲ್ಲಿ. ಯಾರ ಕೈಯೂ ಮೇಲೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಹಿಂದಿನಿಂದ ಶಿಕ್ಷಕರ ದನಿ ಬಂತು, 'ಅವನು ನಾಲ್ಕು ಡಿಗ್ರಿ ಎಡಕ್ಕೆ ತಿರುಗಿ ಒಂದೂವರೆ ನಿಮಿಷ ಆಯ್ತು.' ಅಷ್ಟರಲ್ಲಿ ನಮ್ಮಿಬ್ಬರ ನಡುವೆ ಒಂದು ಮೈಲಿ ಕಡಿಮೆಯಾಗಿತ್ತು.